ತೂತು ಕೊರೆದ ಬ್ರೇಕು

ರಿಮೋಟಿನ ಸ್ವಿಚ್ಚನ್ನು ಒಂದು ಹಂತ ತಳ್ಳಿದರು, ರೆಕ್ಕೆಯ ಕೆಳಗಿನ ತಗಡು ಬಾಯಿ ಬಿಟ್ಟಿತು. ಇನ್ನೊಂದು ಹಂತಕ್ಕೆ ಮೇಲಿನದೂ ಎದ್ದು ನಿಂತಿತು. ‘ಮೊದಲನೇದು ಲ್ಯಾಂಡಿಂಗಿಗೆ, ಎರಡನೇದು ಡೈವಿಗೆ. ಅಸಲಿ ವಿಮಾನದಲ್ಲೂ ಹೀಗೇ ಸಾರ್’ ಎಂದರು ಬೆಂಗಳೂರಿನ ಆ ನಿವೃತ್ತ ಎಂಜಿನಿಯರ್. ಅವರ ಮಹಡಿ ಕೋಣೆಯ ಮೇಜನ್ನು ಪೂರ್ತಿ ಆಕ್ರಮಿಸಿಕೊಂಡಿದ್ದುದು ಅಮೆರಿಕದ ಡಗ್ಲಸ್ ಡಾಂಟ್‌ಲೆಸ್ ಬಾಂಬರ್‌ನ ಮಾದರಿ. ಅಸಲಿಯ ಆರನೇ ಒಂದು ಭಾಗ, ಆದರೂ ರೆಕ್ಕೆಯ ಹರವು 2 ಮೀಟರ್ ದಾಟುತ್ತದೆ.

1942ರ ಜೂನ್ 4ರಂದು ಮಿಡ್‌ವೇ ಬಳಿ ಜಪಾನಿನ ವಿಮಾನವಾಹಕ ನೌಕೆಗಳ ಕಥೆ ಮುಗಿಸಿದ್ದು ಇದೇ ವಿಮಾನ. ಸುಮಾರು 70 ಡಿಗ್ರಿ ಕಡಿದಾಗಿ ಧುಮುಕುವಾಗ ರೆಕ್ಕೆಯ ಆ ತಗಡುಗಳೇ ಬ್ರೇಕು, ಅವಿಲ್ಲದಿದ್ದರೆ ಗುರಿ ಹಿಡಿಯಲು ಸಮಯವೂ ಇಲ್ಲ, ಮತ್ತೆ ಮೇಲೇಳಲು ಎತ್ತರವೂ ಇಲ್ಲ.

ನನಗೆ ಮೋಹ ಬ್ರೇಕಿನ ತೂತುಗಳ ಮೇಲೆ. ಡಾಂಟ್‌ಲೆಸ್‌ಗೂ ಮುಂಚಿನ ನಾರ್ತ್‌ರಾಪ್ ಬಿಟಿ-1ರಲ್ಲಿ ಬ್ರೇಕ್ ತೆರೆದರೆ ಗಾಳಿ ದೊಡ್ಡ ಸುಳಿಗಳಾಗಿ ಹಿಂದಕ್ಕೆ ಹೋಗಿ ಬಾಲಕ್ಕೆ ಬಡಿಯುತ್ತಿತ್ತು, ಬಾಲ ಗಡಗಡ ನಡುಗುತ್ತಿತ್ತು. ವಿನ್ಯಾಸಕಾರ ಎಡ್ ಹೈನೆಮನ್ ಅವರ ತಂಡ ಅಮೆರಿಕ ಸರ್ಕಾರದ ವಿಮಾನ ಸಂಶೋಧನಾ ಸಂಸ್ಥೆ ನಾಕಾದ (NACA) ಸಂಶೋಧಕರ ಜೊತೆ ತಲೆ ಕೆಡಿಸಿಕೊಂಡು ಕೊನೆಗೆ ಕಂಡುಕೊಂಡ ಮದ್ದು, ತಗಡಿನ ತುಂಬ ಟೆನಿಸ್ ಚೆಂಡಿನ ಗಾತ್ರದ ತೂತುಗಳು. ಸುಳಿ ಒಡೆಯಿತು, ತಡೆ ಉಳಿಯಿತು. ಬ್ರೇಕಿಗೆ ತೂತು ಕೊರೆದು ಬ್ರೇಕನ್ನು ಸರಿಪಡಿಸಿದ ಈ ಧೈರ್ಯ ನನಗಿನ್ನೂ ಸೋಜಿಗ.

ಮಾದರಿಯಲ್ಲಿ ಆ ತೂತುಗಳೇ ಪ್ರಾಣ ಹಿಂಡುವ ಕೆಲಸ. ಬಾಲ್ಸಾ ಮರ ಸಿಗಿದುಹೋಗುತ್ತದೆ. ಹಾಗಾಗಿ ತೆಳು ಅಲ್ಯೂಮಿನಿಯಂ ಹಾಳೆಯನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಬಿಗಿದು ಕೊರೆಯುತ್ತಾರೆ, ಆಮೇಲೆ ಒಂದೊಂದು ತೂತಿನ ಅಂಚನ್ನೂ ಮರಳು ಕಾಗದದಿಂದ ಉಜ್ಜುತ್ತಾರೆ. ಹಾಳೆ ಎಲ್ಲಿಯದು ಅಂತೀರಿ? ಮುದ್ರಣಾಲಯದವರು ಬಿಸಾಡಿದ ಆಫ್‌ಸೆಟ್ ಪ್ಲೇಟು! ಬ್ರೇಕಿನ ಒಳಮೈಯಲ್ಲಿ ಯಾವುದೋ ಮದುವೆಯ ಕರೆಯೋಲೆಯ ನೀಲಿ ಅಕ್ಷರಗಳು, ತೂತು ಬಿದ್ದಲ್ಲೆಲ್ಲ ಒತ್ತು ಕಳೆದುಕೊಂಡು ನಿಂತಿದ್ದವು. ಅಸಲಿಯಂತೆ ಅಲ್ಲಿ ಕೆಂಪು ಬಣ್ಣ ಬಳಿಯಬೇಕಂತೆ. ಬಳಿಯದೆ ಬಿಟ್ಟರೇ ಚೆಂದ ಎಂಬುದು ನನ್ನ ಮತ.

ಎಡ ಬಲ ಎರಡೂ ಕಡೆ ಒಟ್ಟಿಗೆ ತೆರೆಯಬೇಕು, ಒಂದು ಕಚ್ಚಿಕೊಂಡರೆ ವಿಮಾನ ಮಗುಚಿದಂತೆಯೇ. ಅದಕ್ಕೇ ಬ್ರೇಕು ತೆರೆಯುವ ಪುಟ್ಟ ಸರ್ವೋ ಮೋಟಾರುಗಳನ್ನು ಬೇಕೆಂದೇ ನಿಧಾನಕ್ಕೆ ತಿರುಗಿಸುತ್ತಾರೆ.

ಇಷ್ಟು ಹಗುರ ಮಾದರಿಯ ಬಾಲ ನಡುಗೀತೇ? ನನಗೆ ಗುಮಾನಿ. ತೂತಿಲ್ಲದ ತಗಡೂ ಇದರ ವೇಗವನ್ನು ತಡೆದೀತು, ತೂತುಗಳು ಕಣ್ಣಿಗಷ್ಟೇ ಎಂದೆ. ಅವರು ವಾದಕ್ಕೆ ಬರಲಿಲ್ಲ, ಇನ್ನೊಂದು ನಕ್ಷೆ ಬಿಚ್ಚಿದರು. ವಲ್ಟೀ ವೆಂಜೆನ್ಸ್: 1944ರಲ್ಲಿ ನಮ್ಮದೇ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ರಂಗದಲ್ಲಿ ಹಾರಿಸಿದ ಡೈವ್ ಬಾಂಬರ್. ಅದರ ಬ್ರೇಕು ರೆಕ್ಕೆಯ ಮೇಲೂ ಕೆಳಗೂ ಏಳುವ ಜಾಲರಿ. ಸರಳುಗಳನ್ನು ಒಂದೊಂದಾಗಿ ಬೆಸುಗೆ ಹಾಕಿ ಕೂರಿಸಬೇಕು. ಅದಕ್ಕೆ ಇನ್ನೊಂದು ಮೇಜು ಬೇಕಾದೀತು, ಮನೆಯಾಕೆಗೆ ಈ ಸುದ್ದಿ ಇನ್ನೂ ಹೇಳಿಲ್ಲವಂತೆ.