ಮಳೆಗೆ ಮುಂಚಿನ ಓದು

ಕೊಯ್ಲು ಮುಗಿದು, ಕಣದಲ್ಲಿ ಒಣಗಿದ ಕಾಫಿ ಮೂಟೆ ಸೇರಿ, ಹೂಮಳೆ ಬಿದ್ದು ಗಿಡವೆಲ್ಲ ಬೆಳ್ಳಗಾಗಿ ಹೋದ ಮೇಲೆ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಮನೆಗಳಿಗೆ ಒಂದಿಷ್ಟು ಉಸಿರಾಡುವ ಸಮಯ ಸಿಗುತ್ತದೆ. ನೆರಳಿನ ಮರಗಳ ಕೊಂಬೆ ಸವರುವ ಮರಗಸಿಯ ಕೆಲಸ ಇದ್ದೇ ಇರುತ್ತದೆ. ಆದರೆ ನವೆಂಬರಿನಿಂದ ಮಾರ್ಚಿಯವರೆಗಿನ ಧಾವಂತ ಇರುವುದಿಲ್ಲ. ಕಾಲೇಜಿಗೆ ರಜೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಹಗಲಲ್ಲೂ ಕೋಣೆಯೊಳಗೆ ಅಕ್ಷರ ಕಾಣುವುದಿಲ್ಲ. ಹಾಗಾಗಿ ಏಪ್ರಿಲ್, ಮೇ ತಿಂಗಳೇ ಇಲ್ಲಿನ ವಿದ್ಯಾರ್ಥಿಗೆ ಓದಿನ ಸುಗ್ಗಿ.

ಆ ಸುಗ್ಗಿಗೆ ಪುಸ್ತಕ ಎಲ್ಲಿಂದ ಬರಬೇಕು? ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಹಳೆ ಪುಸ್ತಕದ ಬೀದಿ ಈ ಬೆಟ್ಟಗಳಲ್ಲಿಲ್ಲ. ಹೊಸ ಕಾದಂಬರಿಯೊಂದರ ಬೆಲೆ ತೋಟದ ಕಾರ್ಮಿಕರ ಲೈನ್ ಮನೆಯ ಹುಡುಗಿಗೆ ಕೈಗೆಟುಕುವಂಥದ್ದೂ ಅಲ್ಲ. ಆದರೂ ಇಲ್ಲಿ ಹಳೆ ಪುಸ್ತಕ ಓಡಾಡುತ್ತಲೇ ಇದೆ. ಅದಕ್ಕೆ ಬೋರ್ಡಿಲ್ಲ, ಗಲ್ಲಾಪೆಟ್ಟಿಗೆ ಇಲ್ಲ, ಅಷ್ಟೇ. ತೋಟ ಕೈ ಬದಲಾದಾಗ, ಹಳೆ ಮನೆ ಕೆಡವಿದಾಗ, ಓದುತ್ತಿದ್ದ ಅಜ್ಜ ತೀರಿಕೊಂಡಾಗ ಅಟ್ಟದ ಮೇಲಿನ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಕೆಲವು ನೆಂಟರ ಮನೆಗೆ, ಉಳಿದವು ಕೇಜಿ ಲೆಕ್ಕದಲ್ಲಿ ಗುಜರಿ ಅಂಗಡಿಗೆ.

ಗುಜರಿಯಲ್ಲಿ ರದ್ದಿ ಕಟ್ಟು ಬಿಚ್ಚಿ ನೋಡುವ ತಾಳ್ಮೆಯಿದ್ದವರಿಗೆ ಕನ್ನಡದ ಓದಿನ ಚರಿತ್ರೆಯೇ ಸಿಗುತ್ತದೆ. 1956ರಲ್ಲಿ ಶುರುವಾದ ‘ಕಸ್ತೂರಿ’, 1965ರ ‘ಸುಧಾ’, 1968ರ ‘ಮಯೂರ’ಗಳ ಹಳೆ ಸಂಚಿಕೆಗಳು. ಎಲ್.ಎಸ್. ಶೇಷಗಿರಿ ರಾಯರು ಸಂಪಾದಿಸಿದ, 500ಕ್ಕೂ ಹೆಚ್ಚು ಕಿರುಹೊತ್ತಗೆಗಳ ಭಾರತ-ಭಾರತಿ ಮಾಲೆಯಲ್ಲಿ ಒಂದೋ ಎರಡೋ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಅಂಗಡಿಯಲ್ಲಿ ಎಂದೂ ಮಾರಾಟಕ್ಕಿರದಿದ್ದ ಪುಸ್ತಕ: ವಾರಪತ್ರಿಕೆಯ ಧಾರಾವಾಹಿ ಪುಟಗಳನ್ನು ವಾರವಾರವೂ ಕತ್ತರಿಸಿಟ್ಟು, ಕೊನೆಗೆ ದಬ್ಬಣದಲ್ಲಿ ಹೊಲಿದು, ಕ್ಯಾಲೆಂಡರಿನ ದಪ್ಪ ಹಾಳೆಯ ರಟ್ಟು ಹಾಕಿದ್ದು. ಅಂಚಿನಲ್ಲಿ ಯಾರೋ ಗೃಹಿಣಿ ಪೆನ್ಸಿಲಿನಲ್ಲಿ ಹಾಕಿದ ಕಂತಿನ ಸಂಖ್ಯೆ. ನಡುವೆ ಒಂದು ಕಂತು ತಪ್ಪಿಹೋಗಿದ್ದರೆ ಅಲ್ಲಿ ಖಾಲಿ ಹಾಳೆ. ಇಂಥದ್ದನ್ನು ತೂಕಕ್ಕೆ ಹಾಕುವುದು ಕಂಡರೆ ಸಂಕಟವಾಗುತ್ತದೆ.

ಎರಡನೆಯ ದಾರಿ, ಊರಿನ ಪಂಚಾಯಿತಿ ಗ್ರಂಥಾಲಯ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಆ ಬಳಿಕ ಹಳ್ಳಿಹಳ್ಳಿಗೂ ಬಂದ ಪುಟ್ಟ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೆಳಗೆ ಬಂದವು; ಈಗ ‘ಅರಿವು ಕೇಂದ್ರ’ ಎಂಬ ಫಲಕ ಹೊತ್ತಿವೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡಲಾಯಿತು. ಮನೆಮನೆಯಿಂದ ಪುಸ್ತಕ ಬೇಡಿ ತರುವ ‘ಪುಸ್ತಕ ಜೋಳಿಗೆ’ ಅಭಿಯಾನವೂ ನಡೆಯಿತು. ಆ ಜೋಳಿಗೆಯ ಹಿಂದೆ ಒಂದು ಹಳೆಯ ನೆನಪಿದೆ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಓದುಗ ಪುಸ್ತಕದ ಬಳಿ ಬರಲಾರದ ಕಡೆ ಪುಸ್ತಕವೇ ಅವನ ಹತ್ತಿರ ಹೋಗಬೇಕೆಂಬುದು ಅವರಿಗೆ ಗೊತ್ತಿತ್ತು. ಬಸ್ಸಿಗೆ ಎರಡು ಗಂಟೆ ಕಾಯಬೇಕಾದ ಕಳಸದ ಒಳಹಳ್ಳಿಗಳಿಗೆ ಆ ಮಾತು ಇಂದಿಗೂ ಹಳತಾಗಿಲ್ಲ. ರಜೆ ಶುರುವಾದ ವಾರವೇ ವಿದ್ಯಾರ್ಥಿ ಮಾಡಬೇಕಾದ ಮೊದಲ ಕೆಲಸವೆಂದರೆ ಈ ಗ್ರಂಥಾಲಯದ ಮೇಲ್ವಿಚಾರಕರನ್ನು ಮಾತಾಡಿಸುವುದು. ಕಪಾಟಿನ ಹಿಂದಿನ ಸಾಲಿನಲ್ಲಿ ಏನಿದೆ ಎಂದು ಅವರಿಗಲ್ಲದೆ ಬೇರೆ ಯಾರಿಗೂ ತಿಳಿದಿರುವುದಿಲ್ಲ.

ಮೂರನೆಯದು ಅವೆನ್ಯೂ ರಸ್ತೆ. ಸಿಇಟಿಗೋ ಕಾಲೇಜು ಸೇರುವ ಕೆಲಸಕ್ಕೋ ಬೆಂಗಳೂರಿಗೆ ಹೋದವರು ಅಲ್ಲಿಗೊಮ್ಮೆ ಹೋಗಿಯೇ ಬರಬೇಕು. ಭಾನುವಾರ ಅಂಗಡಿಗಳ ಬಾಗಿಲು ಹಾಕಿದಾಗ ಫುಟ್‌ಪಾತಿನ ಮೇಲೆ ಪುಸ್ತಕ ಹರಡಿಕೊಳ್ಳುತ್ತವೆ. ಗೈಡುಗಳ ಗುಡ್ಡೆಯ ನಡುವೆ ಕಾರಂತರು, ಭೈರಪ್ಪನವರು, ತ್ರಿವೇಣಿ. ಅದೇ ರಸ್ತೆಯಲ್ಲಿ ರೈಸ್ ಸ್ಮಾರಕ ಚರ್ಚ್ ಇದೆ. ಅದು ಪಾದ್ರಿ ಬೆಂಜಮಿನ್ ರೈಸ್ ಅವರ ಹೆಸರಿನದು. ಅವರ ಮಗ ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಆರನೆಯ ಸಂಪುಟ, 1901ರದ್ದು, ಕಡೂರು ಜಿಲ್ಲೆಯ ಶಾಸನಗಳಿಗೆ ಮೀಸಲು. ಕಡೂರು ಜಿಲ್ಲೆಯೆಂದರೆ ಇಂದಿನ ಚಿಕ್ಕಮಗಳೂರು ಜಿಲ್ಲೆಯೇ. ಕಳಸದ ಶಾಸನಗಳ ಪಾಠ ಅದರಲ್ಲಿದೆ. ಕಳಸೇಶ್ವರನ ಗುಡಿಯ ಮೆಟ್ಟಿಲು ಹತ್ತಿ ಬೆಳೆದ ಹುಡುಗ ತನ್ನೂರಿನ ಕಲ್ಲು ಏನು ಹೇಳುತ್ತಿದೆ ಎಂದು ಒಂದು ಹಳೆ ಸಂಪುಟದಲ್ಲಿ ಓದುವಂತಾದರೆ, ಹತ್ತು ಪಠ್ಯಪುಸ್ತಕ ಕೊಡಲಾರದ ಕುತೂಹಲ ಅಲ್ಲಿ ಹುಟ್ಟುತ್ತದೆ.

ಕೊಳ್ಳುವ ಮುನ್ನ ಪುಸ್ತಕ ನೋಡುವುದಕ್ಕೂ ಒಂದು ಕ್ರಮವಿದೆ. ಮುಖಪುಟಕ್ಕೆ ಮರುಳಾಗಬಾರದು. ಬೆನ್ನನ್ನು ಅಂಗೈಯಲ್ಲಿಟ್ಟು ನಡುಭಾಗ ಬಿಡಿಸಿದರೆ, ನೂಲಿನ ಹೊಲಿಗೆಯದು ಮಲಗಿಕೊಳ್ಳುತ್ತದೆ, ಗೋಂದಿನದು ಚಟ್ಟನೆ ಬಿರುಕು ಬಿಡುತ್ತದೆ. ಪುಸ್ತಕ ಸಾಮಾನ್ಯವಾಗಿ ಹದಿನಾರು ಪುಟದ ಫಾರಂಗಳಲ್ಲಿ ಅಚ್ಚಾಗುವುದರಿಂದ, ಕಳೆದರೆ ಒಟ್ಟಿಗೇ ಹದಿನಾರು ಪುಟ ಹೋಗಿರುತ್ತವೆ. ಆದ್ದರಿಂದ ಅಲ್ಲಲ್ಲಿ ಪುಟಸಂಖ್ಯೆ ನೋಡಬೇಕು, ಕೊನೆಯ ಪುಟವನ್ನಂತೂ ತಪ್ಪದೆ ನೋಡಬೇಕು. ಹುಳ ಕೊರೆದ ತೂತು ಒಣಗಿದ್ದರೆ ಚಿಂತೆಯಿಲ್ಲ. ತೂತಿನಿಂದ ಹಿಟ್ಟು ಉದುರಿದರೆ ಹುಳ ಒಳಗೇ ಇದೆ, ಮನೆಗೆ ತರಬೇಡಿ. ಇಷ್ಟೆಲ್ಲ ನೋಡಿದ ಮೇಲೆಯೇ “ಅಣ್ಣ, ಇದಕ್ಕೆ ಎಷ್ಟು ಕೊಡ್ಲಿ?” ಎಂದು ಕೇಳುವುದು. ಗ್ರಂಥಾಲಯದ ಮುದ್ರೆಯಿದ್ದರೆ ಅದನ್ನು ಅಲ್ಲಿಂದ ಅಧಿಕೃತವಾಗಿ ಕಳಚಿದ್ದಾರೆಯೇ ಎಂದು ನೋಡಬೇಕು. ಕದ್ದ ಪುಸ್ತಕಕ್ಕೆ ಗಿರಾಕಿಯಾಗುವುದು ಬೇಡ.

ಏನು ಓದಬೇಕು ಎಂದು ಕೇಳುವವರಿಗೆ ನನ್ನ ಉತ್ತರ ನೇರ: ಈ ಮಣ್ಣಿನಿಂದ ಶುರುಮಾಡಿ. ಕುವೆಂಪು ಹುಟ್ಟಿದ ಹಿರೇಕೊಡಿಗೆ ಇದೇ ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿದೆ. ಅವರ ಮಗ ಪೂರ್ಣಚಂದ್ರ ತೇಜಸ್ವಿ (1938–2007) ಮೂಡಿಗೆರೆಯಲ್ಲೇ ತೋಟ ಮಾಡಿ, ಇಲ್ಲೇ ಬರೆದು, ಇಲ್ಲೇ ತೀರಿಕೊಂಡರು. ಅವರ ಹೆಸರಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ. ತೇಜಸ್ವಿಯವರ ‘ಕರ್ವಾಲೊ’ (1980) ಓದಿದ ಹುಡುಗಿ ತೋಟದ ಬೇಲಿಯ ಮೇಲಿನ ಓತಿಕ್ಯಾತವನ್ನು ನಿಂತು ನೋಡುತ್ತಾಳೆ. ಆ ಕಾದಂಬರಿಯ ಮಂದಣ್ಣ, ಬಿರಿಯಾನಿ ಕರಿಯಪ್ಪನಂಥವರು ಅವಳ ಊರಲ್ಲೂ ಇದ್ದಾರೆ. ‘ಪರಿಸರದ ಕತೆ’ಯ ಪ್ಯಾರ, ಮಾರ, ಕಿವಿ ಎಂಬ ನಾಯಿ ಇವರೆಲ್ಲ ಪಕ್ಕದ ಮನೆಯವರಂತೆಯೇ. ತಾನು ಹುಟ್ಟಿದ ಜಾಗ ಪುಸ್ತಕಕ್ಕೆ ತಕ್ಕ ವಸ್ತು ಎಂದು ಹದಿನೇಳರ ವಯಸ್ಸಿನಲ್ಲಿ ತಿಳಿಯುವುದು ಸಣ್ಣ ಸಂಗತಿಯಲ್ಲ. ಇಂಗ್ಲಿಷ್ ಓದು ಕಷ್ಟವೆನ್ನುವವರು ಮೊದಲು ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಬೇಟೆಯ ಪ್ರಸಂಗಗಳನ್ನು ಓದಿ, ಬಳಿಕ ಆಂಡರ್ಸನ್‌ನ ಮೂಲವನ್ನು ಕೈಗೆತ್ತಿಕೊಳ್ಳಲಿ. ಕತೆ ಮೊದಲೇ ಗೊತ್ತಿರುವುದರಿಂದ ನಿಘಂಟು ಅಷ್ಟಾಗಿ ಬೇಕಾಗುವುದಿಲ್ಲ.

ಇನ್ನು ಕಾಪಾಡುವ ಮಾತು. ಮಲೆನಾಡಿನಲ್ಲಿ ಪುಸ್ತಕದ ಶತ್ರು ತೇವ. ಆಷಾಢದಲ್ಲಿ ಬೀಗ ಹಾಕಿಟ್ಟ ಬೀರುವನ್ನು ಗಣೇಶನ ಹಬ್ಬಕ್ಕೆ ತೆರೆದರೆ ರಟ್ಟಿನ ಮೇಲೆ ಬೂಸ್ಟು, ಒಳಗೆ ಬೆಳ್ಳಿಹುಳ. ಹಿಂದೆ ತಾಳೆಗರಿ, ಕಡತಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಡುತ್ತಿದ್ದರು. ಹೊಗೆ ಹುಳವನ್ನು ದೂರವಿಡುತ್ತಿತ್ತು, ಬಿಸಿ ತೇವವನ್ನು ಎಳೆದುಕೊಳ್ಳುತ್ತಿತ್ತು. ಗ್ಯಾಸ್ ಬಂದ ಮನೆಗಳಲ್ಲಿ ಆ ಅನುಕೂಲ ಹೋಯಿತು. ಈಗ ಮಾಡಬಹುದಾದದ್ದು ಇಷ್ಟು: ಮೇ ತಿಂಗಳ ಒಣ ದಿನವೊಂದರಲ್ಲಿ ಪುಸ್ತಕಗಳನ್ನು ನೆರಳಿನಲ್ಲಿ ಹಾಳೆ ಬಿಡಿಸಿ ನಿಲ್ಲಿಸಿ, ಒಣ ಬಟ್ಟೆಯಿಂದ ಒರೆಸಿ, ಬಜೆಯ ತುಂಡೋ ಬೇವಿನ ಸೊಪ್ಪೋ ಜೊತೆಗಿಟ್ಟು, ಗೋಡೆಗೆ ತಾಗದಂತೆ ಜೋಡಿಸಬೇಕು. ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯುವುದು ಬೇಡ, ಒಳಗಿನ ತೇವ ಒಳಗೇ ಉಳಿಯುತ್ತದೆ. ಇವೆಲ್ಲಕ್ಕಿಂತ ಒಳ್ಳೆಯ ಔಷಧಿ ಕೈ ಬದಲಾಯಿಸುವುದು. ಆಗಾಗ ತೆರೆದು ಓದುವ ಪುಸ್ತಕದಲ್ಲಿ ಬೂಸ್ಟು ನೆಲೆ ನಿಲ್ಲುವುದಿಲ್ಲ.

ಆದ್ದರಿಂದ ಮೇ ಕೊನೆಯ ವಾರ ಹಂಚುವ ಕೆಲಸಕ್ಕಿರಲಿ. ಪಿಯು ಪಠ್ಯಪುಸ್ತಕಗಳು ಹಿಂದಿನ ತರಗತಿಯ ತಮ್ಮ ತಂಗಿಯರಿಗೆ, ಓದಿ ಮುಗಿದ ಕಾದಂಬರಿ ಅರಿವು ಕೇಂದ್ರಕ್ಕೆ. ಮೇಜಿನ ಮೇಲಿಟ್ಟು ಬಂದರೆ ಸಾಲದು, ಮೇಲ್ವಿಚಾರಕರಿಂದ ದಾಖಲೆ ಪುಸ್ತಕದಲ್ಲಿ ಬರೆಸಿ, ಮುದ್ರೆ ಒತ್ತಿಸಿಯೇ ಬನ್ನಿ. ಪಟ್ಟಿಯಲ್ಲಿಲ್ಲದ ಪುಸ್ತಕವನ್ನು ಯಾರೂ ಕೇಳಿ ಪಡೆಯಲಾರರು.