ಬಾಗಿಲು ಮುಚ್ಚಿಕೊಂಡ ಪರ್ವತ

ಹಿಮಾಲಯದ ಸಾಹಸಯಾತ್ರೆ ಎಂದೊಡನೆ ನಮಗೆ ನೆನಪಾಗುವುದು ಎವರೆಸ್ಟ್. ಅದರ ಎತ್ತರ ಶಾಲಾಮಕ್ಕಳಿಗೂ ಬಾಯಿಪಾಠ. ಆದರೆ ಪೂರ್ತಿಯಾಗಿ ಭಾರತದ ನೆಲದೊಳಗೇ ಇರುವ ಅತಿ ಎತ್ತರದ ಶಿಖರ ಯಾವುದು ಎಂದು ಕೇಳಿದರೆ ತಿಳಿದವರೂ ತಡವರಿಸುತ್ತಾರೆ. ಕಾಂಚನಜುಂಗಾ ಎನ್ನುವವರುಂಟು, ಅದು ನಿಂತಿರುವುದು ನೇಪಾಳದ ಗಡಿಯ ಮೇಲೆ. ಸರಿಯಾದ ಉತ್ತರ ಉತ್ತರಾಖಂಡದ ಚಮೋಲಿ ಜಿಲ್ಲೆಯಲ್ಲಿರುವ ನಂದಾದೇವಿ. ಅದರ ಎತ್ತರ 7,816 ಮೀಟರ್.

ಈ ಪರ್ವತದ ಕಥೆ ವಿಚಿತ್ರವಾದುದು. 1934ರವರೆಗೆ ಅದರ ಬುಡವನ್ನು ಮುಟ್ಟುವ ದಾರಿಯೇ ಪರ್ವತಾರೋಹಿಗಳಿಗೆ ಸಿಕ್ಕಿರಲಿಲ್ಲ. ದಾರಿ ಸಿಕ್ಕಿ ಐವತ್ತು ವರ್ಷ ತುಂಬುವುದರೊಳಗೆ ಸರ್ಕಾರವೇ ಅದನ್ನು ಮುಚ್ಚಬೇಕಾಯಿತು. ಈ ಐವತ್ತು ವರ್ಷಗಳಲ್ಲಿ ನಡೆದದ್ದೇನು, ಆಮೇಲೆ ಅದರ ಬೆಲೆ ತೆತ್ತವರು ಯಾರು ಎಂಬುದನ್ನು ಹಿಮಾಲಯಕ್ಕೆ ಹೊರಡುವ ಪ್ರತಿಯೊಬ್ಬ ಚಾರಣಿಗನೂ ತಿಳಿದಿರಬೇಕು.

ಪ್ರಕೃತಿ ಕಟ್ಟಿದ ಕೋಟೆ

ನಂದಾದೇವಿ ಒಂಟಿಯಾಗಿ ನಿಂತ ಶಿಖರವಲ್ಲ. ಅದರ ಸುತ್ತ ಸುಮಾರು 110 ಕಿಲೋಮೀಟರ್ ಸುತ್ತಳತೆಯ ಪರ್ವತಗಳ ಗೋಡೆಯಿದೆ. ತ್ರಿಶೂಲ, ದೂನಾಗಿರಿ, ಚಂಗಾಬಾಂಗ್, ಕಲಂಕಾ ಮೊದಲಾದ ದೊಡ್ಡ ಶಿಖರಗಳೆಲ್ಲ ಈ ಗೋಡೆಯ ಬುರುಜುಗಳು. ಗೋಡೆಯ ತಗ್ಗಾದ ಭಾಗವೂ ಐದು ಸಾವಿರ ಮೀಟರಿಗಿಂತ ಎತ್ತರದಲ್ಲಿದೆ. ಒಳಗಿನ ಬಟ್ಟಲಿನಂತಹ ಪ್ರದೇಶದಲ್ಲಿ ಉತ್ತರ ನಂದಾದೇವಿ, ದಕ್ಷಿಣ ನಂದಾದೇವಿ ಎಂಬ ಎರಡು ದೊಡ್ಡ ಹಿಮನದಿಗಳು ಇಳಿದುಬರುತ್ತವೆ. ಅವು ಕರಗಿದ ನೀರು ಹೊರಗೆ ಹೋಗಲು ಇರುವುದು ಒಂದೇ ಕಿಂಡಿ. ಪಶ್ಚಿಮಕ್ಕೆ ಗೋಡೆಯನ್ನು ಸೀಳಿಕೊಂಡು ಹರಿಯುವ ಋಷಿಗಂಗೆಯ ಕಮರಿಯೇ ಆ ಕಿಂಡಿ. ಎರಡೂ ಕಡೆ ನೇರವಾಗಿ ಎದ್ದ ಬಂಡೆಗಳು, ತಳದಲ್ಲಿ ಭೋರ್ಗರೆಯುವ ನೀರು. ಹೊರಗೆ ಬಂದ ಋಷಿಗಂಗೆ ರೇಣಿ ಎಂಬ ಹಳ್ಳಿಯ ಬಳಿ ಧೌಲಿಗಂಗೆಯನ್ನು ಸೇರುತ್ತದೆ; ಧೌಲಿಗಂಗೆ ವಿಷ್ಣುಪ್ರಯಾಗದಲ್ಲಿ ಅಲಕನಂದೆಯೊಡನೆ ಬೆರೆಯುತ್ತದೆ.

ಗಢವಾಲ, ಕುಮಾವೂಂಗಳ ಜನರಿಗೆ ನಂದಾದೇವಿ ಬರಿಯ ಶಿಖರವಲ್ಲ, ಮನೆಮಗಳು. ನಮ್ಮಲ್ಲಿ ಭಾದ್ರಪದದಲ್ಲಿ ಗೌರಿ ತವರಿಗೆ ಬರುತ್ತಾಳೆ. ಅಲ್ಲಿನವರು ಅದೇ ಭಾದ್ರಪದದಲ್ಲಿ ನಂದೆಯನ್ನು ಪೂಜಿಸಿ, ಹಿಮದ ನಾಡಿನಲ್ಲಿರುವ ಶಿವನ ಮನೆಗೆ ಕಣ್ಣೀರಿನೊಡನೆ ಕಳುಹಿಸಿಕೊಡುತ್ತಾರೆ. ಸುಮಾರು ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ನಂದಾದೇವಿ ರಾಜಜಾತ್ ಯಾತ್ರೆ ಈ ಬೀಳ್ಕೊಡುಗೆಯದೇ ದೊಡ್ಡ ರೂಪ. ನಾಲ್ಕು ಕೊಂಬಿನ ಟಗರನ್ನು ಮುಂದಿಟ್ಟುಕೊಂಡು ಸಾವಿರಾರು ಜನ ಹೋಮಕುಂಡದವರೆಗೆ ನಡೆಯುತ್ತಾರೆ. ಅಲ್ಲಿಂದಾಚೆಗೆ ಟಗರನ್ನು ಬಿಟ್ಟು ಹಿಂದಿರುಗುತ್ತಾರೆ. ಮಗಳ ಮನೆಯ ಹೊಸ್ತಿಲವರೆಗೆ ಹೋಗಬಹುದು, ಒಳಗೆ ನುಗ್ಗಬಾರದು ಎಂಬ ಮರ್ಯಾದೆ ಈ ಯಾತ್ರೆಯಲ್ಲಿದೆ.

ಹಗುರ ಹೊರೆಯ ಐವರು

ಹೊರಗಿನಿಂದ ಬಂದವರಿಗೆ ಈ ಕೋಟೆ ಒಂದು ಸವಾಲಾಗಿ ಕಂಡಿತು. 1883ರಲ್ಲಿ ಡಬ್ಲ್ಯು. ಡಬ್ಲ್ಯು. ಗ್ರಹಾಂ ಋಷಿಗಂಗೆಯ ಕಮರಿಯಲ್ಲಿ ಪ್ರಯತ್ನಿಸಿ ಹಿಮ್ಮೆಟ್ಟಿದರು. 1905ರಲ್ಲಿ ಟಾಮ್ ಲಾಂಗ್‌ಸ್ಟಾಫ್ ಪೂರ್ವದ ಗೋಡೆಯನ್ನೇರಿ ಒಳಗೆ ಇಣುಕಿ ನೋಡಿದರು, ಇಳಿಯಲಾಗಲಿಲ್ಲ. ಅಲ್ಮೋಡದ ಅಧಿಕಾರಿಯಾಗಿದ್ದ ಹ್ಯೂ ರಟ್ಲೆಜ್ 1932ರವರೆಗೆ ಬೇರೆಬೇರೆ ದಿಕ್ಕುಗಳಿಂದ ಪ್ರಯತ್ನಿಸಿದರೂ ಗೋಡೆ ಬಗ್ಗಲಿಲ್ಲ.

ಬೀಗ ತೆಗೆದವರು ಎರಿಕ್ ಶಿಪ್ಟನ್ ಮತ್ತು ಬಿಲ್ ಟಿಲ್‌ಮನ್. 1934ರಲ್ಲಿ ಇವರಿಬ್ಬರೂ ಆಂಗ್ ಥರ್ಕೆ, ಪಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳೊಡನೆ ಕಮರಿಯನ್ನು ಹೊಕ್ಕರು. ಆ ಕಾಲದ ಎವರೆಸ್ಟ್ ತಂಡಗಳು ನೂರಾರು ಹೊರೆಯಾಳುಗಳನ್ನು ಕಟ್ಟಿಕೊಂಡು ದಂಡಯಾತ್ರೆಯಂತೆ ಹೊರಡುತ್ತಿದ್ದವು. ಈ ಇಬ್ಬರ ರೀತಿಯೇ ಬೇರೆ. ಕನಿಷ್ಠ ಸಾಮಾನು, ಸಾದಾ ಊಟ, ಹೊರೆ ಹೊರುವುದರಲ್ಲಿ ಸಾಹೇಬರಿಗೂ ಪಾಲು. ಇಂಗ್ಲೆಂಡಿನಿಂದ ಹೊರಟು ಹಿಂದಿರುಗುವವರೆಗೆ ಇಬ್ಬರದೂ ಸೇರಿ ಆದ ಖರ್ಚು ಮುನ್ನೂರು ಪೌಂಡಿಗಿಂತ ಕಡಿಮೆ. ಕಮರಿಯ ಕೊನೆಯ ನಾಲ್ಕು ಮೈಲಿಗೆ ಒಂದು ವಾರಕ್ಕೂ ಹೆಚ್ಚು ಕಾಲ ಹಿಡಿಯಿತು. ಬಂಡೆಯಿಂದ ಬಂಡೆಗೆ ಅಂಚು ಹುಡುಕುತ್ತ, ಒಮ್ಮೆ ಮೇಲೇರಿ ಒಮ್ಮೆ ನೀರಿನ ಮಟ್ಟಕ್ಕಿಳಿದು ಸಾಗಿದ ಅವರು ಕೊನೆಗೆ ಹುಲ್ಲುಗಾವಲಿನ ಒಳನಾಡನ್ನು ತಲುಪಿದರು. ಮನುಷ್ಯನ ಭಯವನ್ನೇ ಅರಿಯದ ಭರಲ್ ಎಂಬ ಕಾಡುಕುರಿಗಳ ಹಿಂಡುಗಳು ಅಲ್ಲಿ ಮೇಯುತ್ತಿದ್ದವು.

ಎರಡು ವರ್ಷಗಳ ನಂತರ, 1936ರ ಆಗಸ್ಟ್ 29ರಂದು, ಟಿಲ್‌ಮನ್ ಮತ್ತು ನೋಯೆಲ್ ಓಡೆಲ್ ಶಿಖರವನ್ನು ಮುಟ್ಟಿದರು. 1950ರಲ್ಲಿ ಅನ್ನಪೂರ್ಣಾ ಶಿಖರವನ್ನು ಏರುವವರೆಗೆ ಮನುಷ್ಯ ಹತ್ತಿದ ಅತಿ ಎತ್ತರದ ಶಿಖರ ಇದೇ ಆಗಿತ್ತು. ಈ ಯಶಸ್ಸಿನ ಹಿಂದೆ ದಾರಿಯಲ್ಲೇ ತೀರಿಕೊಂಡ ಶೆರ್ಪಾ ಕಿತಾರನೂ ಇದ್ದಾನೆ; ಇತರರು ಅರ್ಧದಲ್ಲಿ ಬಿಟ್ಟುಹೋದಾಗ ಹೊರೆ ಮುಂದಕ್ಕೆ ಸಾಗಿಸಿದ ಮಾಣಾ ಗ್ರಾಮದವರೂ ಇದ್ದಾರೆ. ಶಿಖರದ ಮೇಲೆ ನಿಲ್ಲುವವರು ಇಬ್ಬರಾದರೂ ಅವರನ್ನು ಅಲ್ಲಿಗೆ ಮುಟ್ಟಿಸಿದ ಬೆನ್ನುಗಳು ಹತ್ತಾರು.

ಶಿಖರದ ಹಂಬಲ ಬಲಿಯನ್ನೂ ತೆಗೆದುಕೊಂಡಿತು. ಮುಖ್ಯ ಶಿಖರಕ್ಕೂ 7,434 ಮೀಟರ್ ಎತ್ತರದ ಪೂರ್ವ ಶಿಖರಕ್ಕೂ ನಡುವೆ ಸುಮಾರು ಎರಡು ಕಿಲೋಮೀಟರ್ ಉದ್ದದ, ಕತ್ತಿಯ ಅಲಗಿನಂತಹ ಏಣು ಇದೆ. 1951ರಲ್ಲಿ ಅದನ್ನು ದಾಟಲು ಹೊರಟ ಫ್ರೆಂಚ್ ತಂಡದ ದ್ಯುಪ್ಲಾ ಮತ್ತು ವಿನ್ಯೆ ಮತ್ತೆ ಕಾಣಿಸಲೇ ಇಲ್ಲ. ಅವರನ್ನು ಹುಡುಕಿಕೊಂಡು ಪೂರ್ವ ಶಿಖರವನ್ನೇರಿದವರಲ್ಲಿ ಒಬ್ಬರು, ಎರಡು ವರ್ಷಗಳ ಬಳಿಕ ಎವರೆಸ್ಟ್ ಏರಿ ಜಗತ್ಪ್ರಸಿದ್ಧರಾದ ತೇನ್‌ಸಿಂಗ್ ನೋರ್ಗೆ.

ಹಿಮದಲ್ಲಿ ಹೂತ ಗುಟ್ಟು

1964ರಲ್ಲಿ ಚೀನಾ ಮೊದಲ ಅಣುಬಾಂಬನ್ನು ಸಿಡಿಸಿತು. ಅದರ ಮುಂದಿನ ಪರೀಕ್ಷೆಗಳ ಮೇಲೆ ಕಣ್ಣಿಡಲು ಅಮೆರಿಕ ಮತ್ತು ಭಾರತದ ಬೇಹುಗಾರಿಕೆ ಸಂಸ್ಥೆಗಳು ಆರಿಸಿಕೊಂಡದ್ದು ನಂದಾದೇವಿಯ ನೆತ್ತಿಯನ್ನು. 1965ರ ಅಕ್ಟೋಬರಿನಲ್ಲಿ ಪ್ಲುಟೋನಿಯಂನಿಂದ ವಿದ್ಯುತ್ ಪಡೆಯುವ ಉಪಕರಣವನ್ನು ಹೊತ್ತು ಒಂದು ತಂಡ ಮೇಲೇರಿತು. ಹವೆ ಕೆಟ್ಟದ್ದರಿಂದ ಉಪಕರಣವನ್ನು ಬಂಡೆಯ ಸಂದಿಯಲ್ಲಿ ಭದ್ರಪಡಿಸಿ ಕೆಳಗಿಳಿಯಬೇಕಾಯಿತು. ಮರುವರ್ಷ ಹೋಗಿ ನೋಡಿದರೆ ಅದು ಅಲ್ಲಿರಲಿಲ್ಲ. ಹಿಮಕುಸಿತ ಅದನ್ನು ಸೆಳೆದುಕೊಂಡು ಹೋಗಿರಬೇಕು ಎಂಬುದು ಊಹೆ. 1978ರಲ್ಲಿ ವಿಷಯ ಬಯಲಾಗಿ ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿಗೆ ಉತ್ತರ ಕೊಡಬೇಕಾಯಿತು. ಗಂಗೆಗೆ ನೀರುಣಿಸುವ ಹಿಮದೊಳಗೆ ಕಳೆದುಹೋದ ಆ ವಸ್ತು ಇಂದಿಗೂ ಪತ್ತೆಯಾಗಿಲ್ಲ.

ಹತ್ತೇ ವರ್ಷದ ಸಂತೆ

1974ರಲ್ಲಿ ಈ ಪ್ರದೇಶವನ್ನು ವಿದೇಶೀಯರಿಗೆ ಮತ್ತೆ ತೆರೆಯಲಾಯಿತು. ಅಷ್ಟು ಹೊತ್ತಿಗೆ ನಂದಾದೇವಿಯ ಹೆಸರು ಜಗತ್ತಿನ ಸಾಹಸಿಗಳಿಗೆಲ್ಲ ಪರಿಚಿತವಾಗಿತ್ತು. ಒಂದರ ಹಿಂದೊಂದು ತಂಡಗಳು ಬಂದವು. ಅಮೆರಿಕದ ಪರ್ವತಾರೋಹಿ ವಿಲ್ಲಿ ಅನ್ಸೋಲ್ಡ್ ಈ ಶಿಖರದ ಚೆಲುವಿಗೆ ಮಾರುಹೋಗಿ ತಮ್ಮ ಮಗಳಿಗೇ ನಂದಾದೇವಿ ಎಂದು ಹೆಸರಿಟ್ಟಿದ್ದರು. 1976ರಲ್ಲಿ ತಂದೆಯ ಜತೆ ಬಂದ ಆ ಯುವತಿ ಶಿಖರದ ಸಮೀಪದ ಮೇಲಿನ ಶಿಬಿರದಲ್ಲೇ ಕೊನೆಯುಸಿರೆಳೆದಳು.

ಇಂತಹ ಎತ್ತರದ ನಾಡು ಜನಸಂದಣಿಯನ್ನು ತಾಳುವುದಿಲ್ಲ. ಕಾರಣ ಸರಳ. ಅಲ್ಲಿ ಗಿಡಮರ ಬೆಳೆಯುವ ಕಾಲ ವರ್ಷದಲ್ಲಿ ಕೆಲವೇ ತಿಂಗಳು. ನಮ್ಮ ಮಲೆನಾಡಿನಲ್ಲಿ ಕಡಿದ ಪೊದೆ ಒಂದು ಮಳೆಗಾಲದಲ್ಲಿ ಚಿಗುರಿಕೊಳ್ಳುತ್ತದೆ; ಅಲ್ಲಿ ಭೂರ್ಜವೃಕ್ಷವೊಂದು ಮೊಣಕೈ ಗಾತ್ರಕ್ಕೆ ಬರಲು ಬಹುಕಾಲ ಬೇಕು. ತಂಡದ ಅಡುಗೆಗೆ, ಹೊರೆಯಾಳುಗಳು ಚಳಿ ಕಾಯಿಸಿಕೊಳ್ಳಲು ಕಡಿಯುತ್ತಿದ್ದದ್ದು ಇಂತಹ ಮರಗಳನ್ನೇ. ಚಳಿಯಲ್ಲಿ ಕಸ ಕೊಳೆಯುವುದಿಲ್ಲ. ಬಿಟ್ಟುಹೋದ ಡಬ್ಬಿ, ಪ್ಲಾಸ್ಟಿಕ್, ಹಗ್ಗ ಬಿದ್ದಲ್ಲೇ ಬಿದ್ದಿರುತ್ತವೆ. ಒಳಗೆ ಹೋಗಲು ಇರುವುದು ಒಂದೇ ದಾರಿಯಾದ್ದರಿಂದ ಎಲ್ಲ ತಂಡಗಳೂ ಧರಾಂಸಿ, ದಿಬ್ರುಘೇಟಾ, ದೇವದಿ, ರಮಣಿ ಎಂಬ ಅವೇ ತಾಣಗಳಲ್ಲಿ ಗುಡಾರ ಹೂಡುತ್ತಿದ್ದವು. ಜನರ ಬೆನ್ನಿಗೇ ಕಸ್ತೂರಿಮೃಗದ ಕಳ್ಳಬೇಟೆಯೂ ಬಂತು. ಐವರು ಹಗುರ ಹೊರೆಯೊಡನೆ ತೆರೆದ ದಾರಿ ಹತ್ತು ವರ್ಷಗಳ ಸಂತೆಯಲ್ಲಿ ಹಾಳಾಯಿತು.

1982ರಲ್ಲಿ ಸರ್ಕಾರ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿತು. ಮರುವರ್ಷದ ಹೊತ್ತಿಗೆ ಆರೋಹಣ, ಚಾರಣ, ಮೇಯಿಸುವಿಕೆ ಎಲ್ಲವೂ ನಿಂತವು. 1988ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಅದು ಸೇರಿತು. ಮುಚ್ಚಿದ್ದರಿಂದ ಲಾಭವಾಗಲಿಲ್ಲ ಎನ್ನುವಂತಿಲ್ಲ. 1993ರಲ್ಲಿ ಭಾರತೀಯ ಸೇನೆಯ ತಂಡವೊಂದು ವಿಜ್ಞಾನಿಗಳೊಡನೆ ಒಳಹೊಕ್ಕು ಹಳೆಯ ಕಸವನ್ನು ಹೊತ್ತು ತಂದಿತು. ಗಿಡಮರಗಳು ಚೇತರಿಸಿಕೊಳ್ಳುತ್ತಿದ್ದುದನ್ನು ಆಗ ಗುರುತಿಸಲಾಯಿತು.

ಹೊಸ್ತಿಲಿನವರ ಪಾಡು

ಆದರೆ ಬಾಗಿಲು ಮುಚ್ಚುವಾಗ ಹೊಸ್ತಿಲಲ್ಲಿ ಬದುಕುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಕಮರಿಯ ಬಾಯಲ್ಲಿರುವ ಲಾತಾ, ರೇಣಿ ಮೊದಲಾದ ಹಳ್ಳಿಗಳವರು ಭೋಟಿಯಾ ಜನ. ನೀತಿ ಕಣಿವೆಯ ಈ ಜನ ಹಿಂದೆ ಟಿಬೆಟ್ಟಿಗೆ ಧಾನ್ಯ ಒಯ್ದು ಉಪ್ಪು, ಉಣ್ಣೆ ತರುತ್ತಿದ್ದರು. 1962ರ ಯುದ್ಧದೊಡನೆ ಆ ವ್ಯಾಪಾರ ಮುಗಿಯಿತು. ಉಳಿದದ್ದು ಕುರಿ, ಕಾಡಿನ ಗಿಡಮೂಲಿಕೆ, ಪರ್ವತಾರೋಹಿಗಳ ಹೊರೆ ಹೊತ್ತು ಸಿಗುವ ಕೂಲಿ. 1980ರ ದಶಕದ ನಿಷೇಧ ಈ ಮೂರನ್ನೂ ಒಟ್ಟಿಗೆ ಕಿತ್ತುಕೊಂಡಿತು.

ಇಲ್ಲಿ ಒಂದು ಕಹಿಯಾದ ವ್ಯಂಗ್ಯವಿದೆ. 1974ರ ಮಾರ್ಚ್ 26ರಂದು ಗಂಡಸರಿಲ್ಲದ ವೇಳೆ ನೋಡಿ ಮರ ಕಡಿಯಲು ಬಂದವರನ್ನು ತಡೆದು, ಮರಗಳನ್ನು ತಬ್ಬಿ ನಿಂತವರು ಇದೇ ರೇಣಿಯ ಗೌರಾದೇವಿ ಮತ್ತು ಆಕೆಯ ಜತೆಯ ಹೆಂಗಸರು. ಚಿಪ್ಕೊ ಚಳವಳಿಯ ಹೆಸರು ಜಗತ್ತಿಗೆ ತಿಳಿದದ್ದು ಅಲ್ಲಿಂದ. ನಮ್ಮ ಉತ್ತರ ಕನ್ನಡದ ಸಲ್ಕಣಿಯಲ್ಲಿ 1983ರಲ್ಲಿ ಹುಟ್ಟಿದ ಅಪ್ಪಿಕೊ ಚಳವಳಿಗೂ ಅದೇ ಪ್ರೇರಣೆ. ಕಾಡನ್ನು ಉಳಿಸಿದ ಊರಿನವರಿಗೇ ಒಂದು ದಶಕದೊಳಗೆ ಕಾಡಿಗೆ ಕಾಲಿಡಬೇಡಿ ಎಂದಂತಾಯಿತು.

1998ರಲ್ಲಿ ಲಾತಾದ ಜನ 'ಝಪಟೋ ಛೀನೋ', ಎಂದರೆ ಎರಗಿ ಕಸಿದುಕೊಳ್ಳಿ, ಎಂಬ ಕೂಗಿನೊಡನೆ ನಿಷೇಧಿತ ಪ್ರದೇಶವನ್ನು ಹೊಕ್ಕರು. 2001ರ ಅಕ್ಟೋಬರಿನಲ್ಲಿ ಅದೇ ಊರಿನ ಗ್ರಾಮಸಭೆ ಒಂದು ಘೋಷಣೆಯನ್ನು ಹೊರಡಿಸಿತು. ಪ್ರವಾಸೋದ್ಯಮ ಬೇಡವೆಂದು ಅವರು ಹೇಳಲಿಲ್ಲ. ಅದು ಸ್ಥಳೀಯರ ಕೈಯಲ್ಲಿರಲಿ, ಕಾಡಿಗೂ ಸಂಸ್ಕೃತಿಗೂ ಕೆಡುಕಾಗದಿರಲಿ, ಹೆಂಗಸರಿಗೂ ಸಮಪಾಲು ಇರಲಿ ಎಂದರು. ಬಳಿಕ 2003ರಲ್ಲಿ, ಹೊರ ಅಂಚಿನ ಒಂದು ದಾರಿಯನ್ನು ಮಿತ ಸಂಖ್ಯೆಯ ಚಾರಣಿಗರಿಗೆ ತೆರೆಯಲಾಯಿತು. ಒಳಗಣ ಬಟ್ಟಲು ಮಾತ್ರ ಮುಚ್ಚಿಯೇ ಉಳಿಯಿತು.

ನದಿ ತಂದ ಎಚ್ಚರಿಕೆ

ಚಾರಣಿಗರು ಹೋಗದಿದ್ದ ಮಾತ್ರಕ್ಕೆ ಪರ್ವತ ಕ್ಷೇಮವಾಗಿತ್ತೆ? 2021ರ ಫೆಬ್ರವರಿ 7ರಂದು ರೇಣಿಯ ಮೇಲ್ಭಾಗದ ರೋಂಟಿ ಶಿಖರದ ಒಂದು ಮೈ ಕಳಚಿಬಿತ್ತು. ಸುಮಾರು 2.7 ಕೋಟಿ ಘನಮೀಟರ್ ಬಂಡೆ ಮತ್ತು ಮಂಜು ಕಣಿವೆಗೆ ಬಿದ್ದು, ಹಿಮ ಕರಗಿ ಕೆಸರಿನ ಪ್ರವಾಹವಾಗಿ ಋಷಿಗಂಗೆಯಲ್ಲಿ ನುಗ್ಗಿತು. ಎರಡು ಜಲವಿದ್ಯುತ್ ಯೋಜನೆಗಳ ನಿವೇಶನಗಳು ಅದಕ್ಕೆ ಸಿಕ್ಕವು. ಸತ್ತವರು, ಕಾಣೆಯಾದವರು ಇನ್ನೂರಕ್ಕೂ ಹೆಚ್ಚು. ಬಹುಪಾಲು ಅಲ್ಲಿ ದುಡಿಯುತ್ತಿದ್ದ ಕೂಲಿಗಳು. ಅಂದು ಹಳ್ಳಿಯವರಲ್ಲಿ ಹಲವರಿಗೆ ಮೊದಲು ಬಂದ ಅನುಮಾನ 1965ರ ಆ ಉಪಕರಣದ್ದು. ವಿಜ್ಞಾನಿಗಳು ಬಂಡೆ ಕುಸಿತವೇ ಕಾರಣವೆಂದು ವಿವರಿಸಿದರು. ಆದರೂ ಅನುಮಾನ ಹುಟ್ಟಿದ್ದು ಸಹಜ. ಆ ಪರ್ವತದ ಬಗ್ಗೆ ತೆಗೆದುಕೊಂಡ ಯಾವ ದೊಡ್ಡ ತೀರ್ಮಾನವನ್ನೂ ಅದರ ಬುಡದಲ್ಲಿರುವವರಿಗೆ ಮೊದಲು ತಿಳಿಸಿದ್ದಿಲ್ಲ. ಸಾಮಾನ್ಯ ಚಾರಣಿಗನಿಗೆ ಗುಡಾರದ ಗೂಟ ಹೊಡೆಯಲೂ ಅನುಮತಿ ಸಿಗದ ಪರ್ವತದ ಕೆಳಗೆ ಅಣೆಕಟ್ಟಿಗೆ ಬಂಡೆ ಸಿಡಿಸಲು ಅನುಮತಿ ಸಿಕ್ಕಿತ್ತು.

ನಂದಾದೇವಿಯನ್ನು ಮತ್ತೆ ತೆರೆಯಬೇಕೆಂಬ ಬೇಡಿಕೆ ಆಗಾಗ ಏಳುತ್ತಲೇ ಇದೆ. ತೆರೆಯಬೇಕೆ, ಮುಚ್ಚಿಡಬೇಕೆ ಎಂಬ ವಾದದಲ್ಲಿ ಎರಡೂ ಕಡೆಗೆ ನ್ಯಾಯವುಂಟು. 1934ರ ಐವರಂತೆ ನಡೆದರೆ ಪರ್ವತ ತಾಳಿಕೊಳ್ಳುತ್ತದೆ. ಆ ಮುಂದಿನ ಸಂತೆಯಂತೆ ನಡೆದರೆ ತಾಳಿಕೊಳ್ಳುವುದಿಲ್ಲ. ಆದ್ದರಿಂದ ಎಷ್ಟು ಜನ, ಯಾವ ಹೊರೆಯೊಡನೆ, ಯಾವ ತಿಂಗಳಲ್ಲಿ ಹೋಗಬಹುದು ಎಂಬುದನ್ನು ನಿರ್ಧರಿಸುವಾಗ ಲಾತಾ, ರೇಣಿಗಳ ಮಾತಿಗೆ ಮೊದಲ ಮಣೆ ಸಿಗಬೇಕು. ಕಾಡು ಹಾಳಾದರೆ ನಷ್ಟ ಅವರದು, ನದಿ ಉಕ್ಕಿದರೆ ಸಾವು ಅವರದು.

ನಮ್ಮ ಊರುಗಳಿಂದಲೂ ಇಂದು ಸಾಕಷ್ಟು ತರುಣರು ಹಿಮಾಲಯದ ಚಾರಣಕ್ಕೆ ಹೊರಡುತ್ತಾರೆ. ಅನುಮತಿ ಪಡೆದು ಲಾತಾದಿಂದ ಧರಾಂಸಿಯ ಕಡೆಗೆ ನಡೆಯುವವರು ಊರಿನವರನ್ನೇ ದಾರಿತೋರಲು ಕರೆದೊಯ್ಯಲಿ, ಒಯ್ದ ಡಬ್ಬಿ ಚೀಲಗಳನ್ನು ಹೊತ್ತು ಹಿಂದೆ ತರಲಿ. ಹೊರಡುವ ಮುನ್ನ ಊರ ನಂದಾದೇವಿಯ ಗುಡಿಯೆದುರು ಒಂದು ಗಳಿಗೆ ನಿಂತರೆ, ಆ ಪರ್ವತ ಯಾರ ಮನೆಮಗಳು ಎಂಬುದು ಮರೆಯುವುದಿಲ್ಲ.