ಡೌನ್‌ಟನ್ ಆಬಿ: ಒಂದೇ ಮನೆಯೊಳಗೆ ಕಂಡ ಬ್ರಿಟನ್

ಇಂಗ್ಲೆಂಡಿನ ಐಟಿವಿ ವಾಹಿನಿಯಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ಆರಂಭವಾಗಿ 2015ರ ಕ್ರಿಸ್‌ಮಸ್ ದಿನ ಮುಕ್ತಾಯಗೊಂಡ 'ಡೌನ್‌ಟನ್ ಆಬಿ' ಧಾರಾವಾಹಿ ಆರು ಸರಣಿಗಳ, 52 ಕಂತುಗಳ ದೀರ್ಘ ಕಥನ. ಅನಂತರ 2019, 2022 ಮತ್ತು 2025ರಲ್ಲಿ ಮೂರು ಚಲನಚಿತ್ರಗಳೂ ಬಂದವು. ನಮ್ಮ ನಗರಗಳ ಕನ್ನಡ ಮನೆಗಳಲ್ಲಿಯೂ ಇದನ್ನು ಆಸಕ್ತಿಯಿಂದ ನೋಡಿದವರಿದ್ದಾರೆ. ಉಡುಗೆತೊಡುಗೆಗಳ ಸೊಬಗು, ಬೆಳ್ಳಿಯ ಪಾತ್ರೆಗಳ ಹೊಳಪು, ಹಿರಿಯ ಕೌಂಟೆಸ್ ಪಾತ್ರದಲ್ಲಿ ಮ್ಯಾಗಿ ಸ್ಮಿತ್ ಅವರ ಮೊನಚು ಮಾತು, ಇವೆಲ್ಲವೂ ಮೆಚ್ಚತಕ್ಕವೇ. ಆದರೆ ಆ ಸೊಬಗಿನ ಒಳಗೆ, ಬ್ರಿಟನ್ ತನ್ನನ್ನು ತಾನು ಹೇಗೆ ಕಾಣಬಯಸುತ್ತದೆ ಎಂಬುದರ ಬಗೆಗೆ ಒಂದು ವಾದವೂ ಅಡಗಿದೆ. ಅದನ್ನು ಬಿಡಿಸಿ ನೋಡುವುದು ಇಲ್ಲಿ ನಮ್ಮ ಉದ್ದೇಶ.

ಕಥೆ 1912ರ ಏಪ್ರಿಲ್‌ನಲ್ಲಿ, ಟೈಟಾನಿಕ್ ಮುಳುಗಿದ ಸುದ್ದಿಯೊಡನೆ ಆರಂಭವಾಗುತ್ತದೆ. ಯಾರ್ಕ್‌ಷೈರಿನ ಗ್ರಾಂಥಮ್ ಅರ್ಲ್ ರಾಬರ್ಟ್ ಕ್ರಾಲಿಯ ವಾರಸುದಾರರಿಬ್ಬರೂ ಆ ಹಡಗಿನಲ್ಲಿ ತೀರಿಕೊಂಡಿದ್ದಾರೆ. ಅರ್ಲ್‌ಗೆ ಇರುವವರು ಮೂವರು ಹೆಣ್ಣುಮಕ್ಕಳು. ಪದವಿಯೂ ಜಹಗೀರೂ ಗಂಡು ಸಂತತಿಗೇ ಸಲ್ಲಬೇಕೆಂಬ ಕಟ್ಟಳೆಯಿಂದಾಗಿ ಅವೆಲ್ಲ ಮ್ಯಾಂಚೆಸ್ಟರಿನ ವಕೀಲನೂ ದೂರದ ಸಂಬಂಧಿಯೂ ಆದ ಮ್ಯಾಥ್ಯೂವಿನ ಪಾಲಾಗಬೇಕು. ಅಮೆರಿಕದಿಂದ ಬಂದ ಪತ್ನಿ ಕೋರಾಳ ತವರಿನ ಸಂಪತ್ತೂ ಜಹಗೀರಿನೊಡನೆ ಬೆಸೆದುಹೋಗಿದೆ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ದುಡಿಯುವ ನಮಗೆ ಮೊದಲು ಕಂಡದ್ದು ಇದೇ: ಮಾತೆಲ್ಲ ವಂಶದ್ದು, ಚಿಂತೆಯೆಲ್ಲ ಹಣದ್ದು. ಇದು ಕೇವಲ ಕಲ್ಪನೆಯಲ್ಲ. ಅಮೆರಿಕದ ಅಗ್ಗದ ಧಾನ್ಯ ಬಂದು ಕೃಷಿಯ ಆದಾಯ ಕುಸಿದಾಗ ಬ್ರಿಟನ್ನಿನ ಎಷ್ಟೋ ಶ್ರೀಮಂತ ಮನೆತನಗಳು ಹಣವಂತರ ಮಕ್ಕಳನ್ನು ಸೊಸೆಯಾಗಿ ತಂದುಕೊಂಡವು. ಚಿತ್ರೀಕರಣ ನಡೆದ ಹ್ಯಾಂಪ್‌ಷೈರಿನ ಹೈಕ್ಲೇರ್ ಕ್ಯಾಸಲ್‌ಗೂ, ಐದನೆಯ ಕಾರ್ನಾರ್ವನ್ ಅರ್ಲ್‌ನ 1895ರ ವಿವಾಹದೊಡನೆ, ಬ್ಯಾಂಕರ್ ಆಲ್ಫ್ರೆಡ್ ಡಿ ರಾಥ್‌ಸ್‌ಚೈಲ್ಡ್ ಅವರ ಹಣ ಆಸರೆಯಾಯಿತು.

ಮಹಡಿಯ ಮೇಲೆ ಒಡೆಯರು, ನೆಲಮಾಳಿಗೆಯಲ್ಲಿ ಚಾಕರರು. ನಮ್ಮಲ್ಲಿ 'ಬಟ್ಲರ್' ಎಂದರೆ ಸಾಹೇಬರ ಮನೆಯ ಅಡುಗೆಯವನೆಂಬ ಭಾವನೆಯುಂಟು. ಅಲ್ಲಿ ಆತ ಸೇವಕವರ್ಗದ ಯಜಮಾನ. ಬಟ್ಲರ್ ಕಾರ್ಸನ್ ಊಟದ ಕೋಣೆಗೆ ಬಂದರೆ ಉಳಿದವರೆಲ್ಲ ಎದ್ದು ನಿಲ್ಲಬೇಕು. ಕೂರುವ ಸ್ಥಾನವೂ ದರ್ಜೆಗೆ ಅನುಗುಣವಾಗಿ ನಿಗದಿಯಾಗಿರುತ್ತದೆ. ಅತಿಥಿಗಳೊಡನೆ ಬಂದ ಸೇವಕರನ್ನು ಅವರ ಒಡೆಯರ ಹೆಸರಿನಿಂದಲೇ ಕರೆಯುವ ಪದ್ಧತಿ ನಿಜಕ್ಕೂ ಇತ್ತು. ನಾಲಗೆಯೂ ಅಂತಸ್ತನ್ನು ಸಾರುತ್ತದೆ: ಕೆಳಗಿನವರಲ್ಲಿ ಹಲವರದು ಉತ್ತರ ಸೀಮೆಯ ಉಚ್ಚಾರಣೆ, ಮೇಲಿನವರದು ಯಾವ ಸೀಮೆಗೂ ಸೇರದ ಕುಲೀನ ಉಚ್ಚಾರಣೆ.

ಈ ಮನೆಯೊಳಗೆ ರಾಜಕೀಯ ಹೇಗೆ ಪ್ರವೇಶಿಸುತ್ತದೆ ಎಂಬುದು ಮುಖ್ಯ ಪ್ರಶ್ನೆ. ಲಾಯ್ಡ್ ಜಾರ್ಜ್ ಅವರ 1909ರ ಆಯವ್ಯಯವನ್ನು ಲಾರ್ಡ್ಸ್ ಸಭೆ ತಿರಸ್ಕರಿಸಿತು. ಅದರ ಫಲವಾಗಿ 1911ರ ಪಾರ್ಲಿಮೆಂಟ್ ಕಾಯಿದೆ ಬಂದು, ಹಣಕಾಸಿನ ವಿಷಯದಲ್ಲಿ ಆ ಸಭೆಯ ನಿರಾಕರಣಾಧಿಕಾರ ಕೊನೆಗೊಂಡಿತು. ಧಾರಾವಾಹಿ ಆರಂಭವಾಗುವುದು ಅದರ ಮರುವರ್ಷ. ಆದರೂ ಕುಲೀನವರ್ಗಕ್ಕೆ ಬಡಿದ ಮೊದಲ ಆಘಾತವಾಗಿ ಕಥೆಗಾರರು ಆರಿಸಿಕೊಂಡದ್ದು ಸಂಸತ್ತಿನ ನಿರ್ಣಯವನ್ನಲ್ಲ, ಹಡಗಿನ ದುರಂತವನ್ನು. ದುರಂತಕ್ಕೆ ಮರುಗುತ್ತೇವೆ, ಕಾಯಿದೆಯಾದರೆ ಯಾರ ಪಕ್ಷವೆಂದು ಯೋಚಿಸಬೇಕಾಗುತ್ತದೆ.

ಇದೇ ಕ್ರಮ ಮುಂದೆಯೂ ಕಾಣುತ್ತದೆ. ಐದನೆಯ ಸರಣಿಯ ಕಾಲ 1924. ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಪ್ರಥಮ ಲೇಬರ್ ಸರ್ಕಾರ ಬಂದ ವರ್ಷ. ಗ್ರಾಮದವರು ಯುದ್ಧಸ್ಮಾರಕ ಸಮಿತಿಯ ಅಧ್ಯಕ್ಷತೆಗೆ ಅರ್ಲ್‌ನನ್ನು ಬಿಟ್ಟು ಕಾರ್ಸನ್‌ನನ್ನು ಕೇಳಿಕೊಳ್ಳುತ್ತಾರೆ. ಕಾಲ ಬದಲಾದುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿರುವುದು ಪ್ರಶಂಸನೀಯ. ಅಡುಗೆಯ ಶ್ರೀಮತಿ ಪ್ಯಾಟ್‌ಮೋರ್ ಅವರ ತಂಗಿಯ ಮಗ ಆರ್ಚಿ, ರಣರಂಗದಲ್ಲಿ ಹೇಡಿತನ ತೋರಿದನೆಂದು ತನ್ನದೇ ಸೈನ್ಯದ ಗುಂಡಿಗೆ ಬಲಿಯಾದವನು. ಆತನ ಹೆಸರು ಸ್ಮಾರಕದಲ್ಲಿರಬಾರದೆಂದು ತೀರ್ಮಾನವಾಗುತ್ತದೆ. ಕೊನೆಗೆ ಅರ್ಲ್ ಅವನಿಗಾಗಿಯೇ ಪಕ್ಕದ ಗೋಡೆಯಲ್ಲಿ ಪ್ರತ್ಯೇಕ ಫಲಕವೊಂದನ್ನು ಇರಿಸುತ್ತಾನೆ. ಆ ದೃಶ್ಯ ಕಣ್ಣು ತೇವವಾಗಿಸುತ್ತದೆ. ಆದರೆ ಇತಿಹಾಸದಲ್ಲಿ ಹೀಗೆ ಗುಂಡಿಗೆ ಬಲಿಯಾದ 306 ಸೈನಿಕರಿಗೆ ಕ್ಷಮಾದಾನ ದೊರೆತದ್ದು 2006ರಲ್ಲಿ, ಸಂಸತ್ತಿನ ಕಾಯಿದೆಯ ಮೂಲಕ; ಅದರ ಹಿಂದೆ ಕುಟುಂಬದವರು ವರ್ಷಾನುಗಟ್ಟಲೆ ನಡೆಸಿದ ಹೋರಾಟವಿತ್ತು. ಪ್ರಭುತ್ವದ ಅನ್ಯಾಯವಾಗಿದ್ದುದು ಧಾರಾವಾಹಿಯಲ್ಲಿ ಒಡೆಯನ ಕರುಣೆಯಿಂದ ಇತ್ಯರ್ಥವಾಗಿಬಿಡುತ್ತದೆ.

ಐರ್ಲೆಂಡಿನ ಪ್ರಶ್ನೆಯದೂ ಇದೇ ಗತಿ. ಕಾರಿನ ಚಾಲಕ ಟಾಮ್ ಬ್ರಾನ್ಸನ್ ಸಮಾಜವಾದಿ, ಐರಿಷ್ ಗಣರಾಜ್ಯದ ಪಕ್ಷಪಾತಿ. ಅರ್ಲ್‌ನ ಕಿರಿಯ ಮಗಳು ಸಿಬಿಲ್‌ಳನ್ನು ವಿವಾಹವಾಗಿ ಡಬ್ಲಿನ್ನಿಗೆ ಹೋದವನು, ಅಲ್ಲಿ ಲಾರ್ಡ್ ಒಬ್ಬರ ಮನೆ ಸುಟ್ಟ ಪ್ರಕರಣದಲ್ಲಿ ಸಿಲುಕಿ ಡೌನ್‌ಟನ್ನಿಗೆ ಓಡಿಬರುತ್ತಾನೆ. ಪತ್ನಿಯ ಮರಣಾನಂತರ ಅದೇ ಜಹಗೀರಿನ ವ್ಯವಸ್ಥಾಪಕನಾಗುತ್ತಾನೆ. 2019ರ ಚಲನಚಿತ್ರದಲ್ಲಂತೂ ದೊರೆ ಐದನೆಯ ಜಾರ್ಜ್ ಅವರ ಪ್ರಾಣವನ್ನೇ ಉಳಿಸುತ್ತಾನೆ. ಬಂಡಾಯಗಾರನನ್ನು ಮನೆಯಳಿಯನನ್ನಾಗಿಸಿ ಬಂಡಾಯವನ್ನು ಮರೆಸುವುದು ಈ ಕಥನದ ಜಾಣ್ಮೆ.

ಸಾಮ್ರಾಜ್ಯವಾದರೋ ಬಹುಮಟ್ಟಿಗೆ ತೆರೆಯ ಹೊರಗೇ ಉಳಿದಿದೆ. ಬಂಧುವೊಬ್ಬರು ಹುದ್ದೆಯ ಮೇಲೆ ಬೊಂಬಾಯಿಗೆ ಹೋಗುತ್ತಾರೆ, ಮರಳುತ್ತಾರೆ. ಬೊಂಬಾಯಿ ಮಾತ್ರ ಒಮ್ಮೆಯೂ ಕಾಣುವುದಿಲ್ಲ. ಅದನ್ನು ಕಾಣಬೇಕೆನ್ನುವವರು ಪಾಲ್ ಸ್ಕಾಟ್ ಅವರ ಕಾದಂಬರಿಗಳನ್ನಾಧರಿಸಿದ 1984ರ 'ದಿ ಜ್ಯುವೆಲ್ ಇನ್ ದಿ ಕ್ರೌನ್' ಧಾರಾವಾಹಿಯತ್ತ ಹೋಗಬೇಕು.

ಇದಕ್ಕೂ ಹಿಂದೆ, 1971ರಿಂದ 1975ರವರೆಗೆ, 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್' ಎಂಬ ಧಾರಾವಾಹಿ ಇದೇ ವಸ್ತುವನ್ನು ಲಂಡನ್ನಿನ ಬೆಲ್ಲಮಿ ಕುಟುಂಬದ ಮೂಲಕ ಹೇಳಿತ್ತು. ಅದರ ಕಲ್ಪನೆ ಜೀನ್ ಮಾರ್ಷ್ ಮತ್ತು ಐಲೀನ್ ಆಟ್‌ಕಿನ್ಸ್ ಎಂಬ ನಟಿಯರದು. ಇಬ್ಬರ ಕುಟುಂಬಗಳಲ್ಲಿಯೂ ಚಾಕರಿ ಮಾಡಿದವರಿದ್ದರು. ಅಲ್ಲಿ 1929ರ ಷೇರುಪೇಟೆಯ ಕುಸಿತದಲ್ಲಿ ಮಗ ಹಣವನ್ನೂ ಪ್ರಾಣವನ್ನೂ ಕಳೆದುಕೊಳ್ಳುತ್ತಾನೆ, ಮನೆಯೇ ಕೈಬಿಡುತ್ತದೆ. 'ಡೌನ್‌ಟನ್' ರಚಿಸಿದ ಜೂಲಿಯನ್ ಫೆಲೋಸ್ 2011ರಲ್ಲಿ ಕನ್ಸರ್ವೇಟಿವ್ ಪಕ್ಷದ ಪರವಾಗಿ ಲಾರ್ಡ್ಸ್ ಸಭೆ ಸೇರಿದವರು. ಅವರ ಕಥೆಯಲ್ಲಿ ಮನೆ ಉಳಿಯುತ್ತದೆ. ಹಾಗೆಂದು ಅವರು ಕೆಳಗಿನವರನ್ನು ಕಡೆಗಣಿಸಿಲ್ಲ. ಟೈಪಿಂಗ್ ಕಲಿತು ಕಚೇರಿಗೆ ಸೇರುವ ಗ್ವೆನ್, ಶಾಲಾ ಶಿಕ್ಷಕನಾಗುವ ಮೋಲ್ಸ್ಲಿ ನೆನಪಿನಲ್ಲಿ ಉಳಿಯುವ ಪಾತ್ರಗಳು. ಆದರೆ 1911ರ ಸುಮಾರಿಗೆ ಬ್ರಿಟನ್ನಿನಲ್ಲಿ ಮನೆಚಾಕರಿಯಲ್ಲಿದ್ದ ಹೆಂಗಸರೇ ಹತ್ತು ಲಕ್ಷಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಇಂಥ ಅರಮನೆಗಳಲ್ಲಿ ಇದ್ದವರಲ್ಲ. ಮಧ್ಯಮವರ್ಗದ ಮನೆಗಳಲ್ಲಿ ಒಬ್ಬಂಟಿಯಾಗಿ, ಅಥವಾ ಇನ್ನೊಬ್ಬಳ ಜೊತೆಯಲ್ಲಿ, ಬೆಳಗಿನಿಂದ ರಾತ್ರಿಯವರೆಗೆ ದುಡಿದವರು. ಅವರಿಗೆ ಸಹಭೋಜನದ ಹರಟೆಯೂ ಇರಲಿಲ್ಲ, ಕಾರ್ಸನ್‌ನಂಥ ಹಿರಿಯನೂ ಇರಲಿಲ್ಲ.

ಇಡೀ ದೇಶವೇ ಒಂದು ಕೂಡುಕುಟುಂಬ, ಒಡೆಯ ದಯಾಳುವಾಗಿದ್ದರೆ ಮೇಲು ಕೀಳು ಯಾರನ್ನೂ ನೋಯಿಸದು ಎಂಬುದು ಈ ಧಾರಾವಾಹಿ ಮುಂದಿಡುವ ಬ್ರಿಟಿಷ್ ಚಿತ್ರ. ಆ ಚಿತ್ರ ನಮಗೂ ಹಿತವೆನಿಸುವುದೇಕೆ ಎಂದು ಕೇಳಿಕೊಳ್ಳುವುದು ಒಳಿತು. ನಮ್ಮ ಮಹಾನಗರಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟ್ ಇರಿಸಿರುವ ವಸತಿ ಸಮುಚ್ಚಯಗಳಿವೆ. ಹಬ್ಬಕ್ಕೆ ಸೀರೆ, ಕಾಯಿಲೆಗೆ ಮುಂಗಡ ಹಣ ಕೊಡುವ ಎಷ್ಟೋ ಮನೆಗಳಲ್ಲಿ ವಾರಕ್ಕೊಂದು ಸಂಬಳಸಹಿತ ರಜೆ ಇನ್ನೂ ನಿಗದಿಯಾಗಿಲ್ಲ. ದಯೆ ಕೊಡುವವರ ಇಚ್ಛೆಗೆ ಸೇರಿದ್ದು. ರಜೆ ಪಡೆಯುವವರ ಹಕ್ಕು. ಮುಂದೊಮ್ಮೆ ಈ ಧಾರಾವಾಹಿಯನ್ನು ಮನೆಮಂದಿಯೆಲ್ಲ ಕುಳಿತು ನೋಡುವಾಗ, ಅರ್ಲ್‌ನ ಔದಾರ್ಯದ ದೃಶ್ಯಗಳ ಬಳಿಕ ಈ ವಿಷಯವನ್ನೂ ಮಕ್ಕಳೊಡನೆ ಚರ್ಚಿಸಬಹುದಾಗಿದೆ.